ನೂರು ರಾತ್ರಿಯ ಕಟ್ಟು

ನಮ್ಮ ಲೈಬ್ರರಿಯ ಕಂಪ್ಯೂಟರಿನಲ್ಲಿ ಪ್ರತಿಯೊಂದು ಪುಸ್ತಕದ ವಿವರದ ಕೆಳಗೂ ಒಂದು ಸಣ್ಣ ಚೌಕ ಇದೆ. ಹೆಸರು, ಬರೆದವರು, ಪುಟ, ವಿಷಯ ಎಲ್ಲ ತುಂಬಿಸಿ, ಬೆನ್ನಿಗೆ ಚೀಟಿ ಅಂಟಿಸಿ, ಕೊನೆಗೆ ಆ ಚೌಕದಲ್ಲೊಂದು ಗೀಟು ಹಾಕಬೇಕು. ಹಾಕಿದರೆ ಪುಸ್ತಕ ಊರಿಗೆಲ್ಲ ಕಾಣುತ್ತದೆ. ಹಾಕದಿದ್ದರೆ ಒಳಗೆ ಕೂತ ನಮಗೆ ಮಾತ್ರ. ನಮ್ಮ ದ್ವೀಪದೇಶದ ರಾಜಧಾನಿ ಸುವಾದ ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ಇದೇ. ಮೊದಲು ಕಾರ್ಡು ಬರೆದು ಮರದ ಖಾನೆಗೆ ಸೇರಿಸುತ್ತಿದ್ದೆವು, ಆಮೇಲೆ ಈ ಗೀಟು ಬಂತು. ಎಷ್ಟು ಸಾವಿರ ಹಾಕಿದ್ದೇನೋ ಲೆಕ್ಕವಿಲ್ಲ. ಬೇಕೆಂದೇ ಹಾಕದೆ ಬಿಟ್ಟದ್ದು ಒಂದೇ ಒಂದು.

ಆ ಪುಸ್ತಕ ಬರೆದವಳು ತಾರಾಯಿವಿನಿ. ನನ್ನ ಸೋದರಮಾವನ ಮಗಳು, ನನಗಿಂತ ಹದಿನೆಂಟು ವರ್ಷಕ್ಕೆ ಚಿಕ್ಕವಳು. ನಾವು ಒಬ್ಬರಿಗೊಬ್ಬರು ಅತ್ತಿಗೆ ಎಂದೇ ಕರೆಯುತ್ತಿದ್ದುದು. ಅತ್ತಿಗೆಯರ ನಡುವೆ ಎಷ್ಟು ಬೈದಾಡಿದರೂ ತಪ್ಪಲ್ಲ.

ಮಾರ್ಚ್ ಹನ್ನೊಂದು, ಶುಕ್ರವಾರ. ಮಧ್ಯಾಹ್ನದ ಮಳೆ ಆಗತಾನೆ ನಿಂತಿತ್ತು. ವಿನಿ ನೀಲಿ ರಟ್ಟಿನ ಸಂಶೋಧನಾ ಪ್ರಬಂಧವನ್ನು ಎದೆಗೆ ಅವಚಿಕೊಂಡು ಬಂದಳು. ತಲೆಯೆಲ್ಲ ಒದ್ದೆ, ಪುಸ್ತಕ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗಿತ್ತು.

"ತಗೋ ಅತ್ತಿಗೆ. ನಾಲ್ಕು ವರ್ಷದ ಹೆರಿಗೆ ಆಯ್ತು."

"ಮಗು ತೂಕವಾಗೇ ಇದೆ. ಎಲ್ಲಿಡಲಿ ಇದನ್ನ? ಅಡುಗೆ ಪುಸ್ತಕದ ಪಕ್ಕದಲ್ಲಾ?"

"ಅಂಟು ತಿಂದು ನೋಡು, ರುಚಿ ಆದ್ರೆ ಅಲ್ಲೇ ಇಡು. ನಿಮ್ಮೂರ ಕಡೆಯೋರು ಏನು ಕೊಟ್ರೂ ತಿಂತಾರೆ."

ಪ್ರಬಂಧ ಬರೆದಿದ್ದೇ ಅಂಟಿನ ಮೇಲೆ. ನನ್ನ ತಾಯಿಯ ಊರು, ವಿನಿಯ ಊರು, ವುನಿಮಾಸಿ. ಸುವಾದಿಂದ ಮೂರು ಗಂಟೆ ಬಸ್ಸು, ಆಮೇಲೆ ಎರಡು ಗಂಟೆ ದೋಣಿ. ಅಲ್ಲಿಯ ಹೆಂಗಸರು ಮರದ ಒಳತೊಗಟೆಯನ್ನು ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದು ಬಡಿದು ಮಾಸಿ ಬಟ್ಟೆ ಮಾಡುತ್ತಾರೆ. ತುಂಡಿಗೆ ತುಂಡು ಸೇರಿಸಲು ಕೂವೆ ಹಿಟ್ಟಿನ ಅಂಟು. ಅದು ಎಲ್ಲ ಊರಲ್ಲೂ ಇದ್ದದ್ದೇ. ವುನಿಮಾಸಿಯವರು ಮಾತ್ರ ಅದಕ್ಕೆ ಇನ್ನೊಂದು ಮರದ ತೊಗಟೆಯ ರಸ ಹಾಕುತ್ತಾರೆ. ಹೊರಗಿನವರ ಮುಂದೆ ಆ ಮರದ ಹೆಸರು ಹೇಳುವುದಿಲ್ಲ, 'ಅಜ್ಜಿಮರ' ಎಂದುಬಿಡುತ್ತಾರೆ. ರಸ ಯಾವಾಗ ಹಾಕಬೇಕು, ಎಷ್ಟು ಹಾಕಬೇಕು, ಅದರಲ್ಲೇ ಎಲ್ಲ ಇರುವುದು. ಸರಿಯಾಗಿ ಬಿದ್ದರೆ ಆ ಅಂಟಿಗೆ ಹುಳ ಹತ್ತುವುದಿಲ್ಲ, ಬೂಸ್ಟು ಬರುವುದಿಲ್ಲ.

ನಮ್ಮ ಲೈಬ್ರರಿಯಲ್ಲಿ ಹುಳವೂ ಇದೆ, ಬೂಸ್ಟೂ ಇದೆ. ವರ್ಷದಲ್ಲಿ ಎಂಟು ತಿಂಗಳು ಗೋಡೆ ಬೆವರುವ ಊರು ಇದು. ಒಂದು ಸಲ ವಿನಿಯ ತಾಯಿ, ನನ್ನ ಉನಾಯಿಸಿ ಅತ್ತೆ, ಜಾಮಿನ ಬಾಟಲಿಯಲ್ಲಿ ಅಂಟು ಕಳಿಸಿದ್ದರು. ಹರಿದ ಪುಸ್ತಕಕ್ಕೆ ಹಚ್ಚಿ ನೋಡಿದೆ. ಏಳು ವರ್ಷವಾದರೂ ಆ ಪುಟಗಳನ್ನು ಹುಳ ಮುಟ್ಟಲಿಲ್ಲ. ವಿನಿ ಆಗ ಕಾಲೇಜಿನಲ್ಲಿದ್ದಳು. ಆ ಪುಟಗಳನ್ನು ನೋಡಿಯೇ ಅವಳಿಗೆ ಈ ಹುಚ್ಚು ಹಿಡಿದದ್ದು. ಊರಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಅಳೆದು, ಕಾಸಿ, ಕೆಡಿಸಿ, ಮತ್ತೆ ಕಾಸಿ ಬರೆದಳು. ಅಜ್ಜಿಮರದ ನಿಜವಾದ ಹೆಸರನ್ನು ಪುಸ್ತಕದಲ್ಲಿ ಹಾಕಲು ತಾಯಿಯ ಅಪ್ಪಣೆ ಸಿಗುವುದಕ್ಕೇ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಆಕ್ಲೆಂಡ್, ಸಿಡ್ನಿ ಕಡೆಯ ಮ್ಯೂಸಿಯಮ್ಮುಗಳು, ಲೈಬ್ರರಿಗಳು ಬಾಟಲಿ ಬಾಟಲಿ ಅಂಟು ತರಿಸಿಕೊಳ್ಳತೊಡಗಿದ್ದವು. ಹೆಂಗಸರ ದೋಣಿಗೆ ಎಂಜಿನ್ ಬಂದಿತ್ತು. ಅತ್ತೆ ಆ ದೋಣಿಗೆ 'ಅಂಟು' ಅಂತಲೇ ಹೆಸರಿಟ್ಟಿದ್ದರು.

ಸೋಮವಾರ, ಹದಿನಾಲ್ಕನೇ ತಾರೀಖು, ವಿನಿಯ ಪ್ರಬಂಧದ ವಿವರವನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದೆ. ಬೆನ್ನಿನ ಚೀಟಿ ಅಚ್ಚು ಹಾಕುವ ಯಂತ್ರ ಕೆಟ್ಟಿತ್ತು. ಚೀಟಿ ಇಲ್ಲದೆ ಗೀಟು ಹಾಕುವ ರೂಢಿ ನಮ್ಮಲ್ಲಿಲ್ಲ. ನಾಳೆ ಹಾಕಿದರಾಯಿತು ಎಂದು ಎತ್ತಿಟ್ಟೆ. ಬುಧವಾರ ವಿನಿಗೆ ಜ್ವರ ಬಂತು. ಡೆಂಗಿ. ಆ ವರ್ಷ ಬೀದಿಗೆ ಇಬ್ಬರು ಮಲಗಿದ್ದರು, ನಾವೂ ಹಾಗೇ ಅಂದುಕೊಂಡೆವು. ಒಂದು ವಾರ ನಾನು ಆಸ್ಪತ್ರೆಯ ಬೆಂಚಿನ ಮೇಲೆ. ಇಪ್ಪತ್ತಮೂರನೇ ತಾರೀಖು ಬೆಳಿಗ್ಗೆ ಅವಳು ಹೋದಳು. ಮೂವತ್ತೊಂದು ವರ್ಷ.

ಊರಿಗೆ ಒಯ್ದು ಮಣ್ಣು ಮಾಡಿದೆವು. ನಾಲ್ಕನೇ ರಾತ್ರಿ ಎಲ್ಲರೂ ಅತ್ತೆಯ ಮನೆಯಲ್ಲಿ ಸೇರಿದೆವು. ಸತ್ತವರಿಗಾಗಿ ನೂರು ರಾತ್ರಿ ಏನೇನು ಕಟ್ಟು ಹಾಕಿಕೊಳ್ಳುತ್ತೇವೆ ಎಂದು ಹೇಳುವ ರಾತ್ರಿ ಅದು. ಊರಿನವರು ತಮ್ಮ ಎದುರಿನ ಹವಳದ ದಂಡೆಗೆ ಕಟ್ಟು ಹಾಕಿದರು: ನೂರು ರಾತ್ರಿ ಅಲ್ಲಿ ಯಾರೂ ಬಲೆ ಇಳಿಸುವಂತಿಲ್ಲ. ಕಂಬ ನೆಟ್ಟು ತೆಂಗಿನ ಗರಿ ಕಟ್ಟಿದರು. ವಿನಿಯ ಅಣ್ಣ ವಾಯಿಸಾಕೆ ತಲೆಗೂದಲು ಕತ್ತರಿಸುವುದಿಲ್ಲ ಅಂದ. ಅತ್ತೆ, "ನಾನು ಕೊಡತಿ ಮುಟ್ಟೋದಿಲ್ಲ" ಅಂದರು. ಒಂದು ದಿನವೂ ಮಾಸಿ ಬಡಿಯದೆ ಕೂತವರಲ್ಲ ಅವರು.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಆ ಊರಿನ ವಸು, ಆ ಊರಿನ ಹೆಣ್ಣುಮಗಳು ಹೆತ್ತ ಮಗಳು. ವಸು ಬಂದು ಕೈ ಹಾಕಿದ್ದನ್ನು ಆ ಊರಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ: ಹಂದಿ, ಚಾಪೆ, ಏನೇ ಇರಲಿ. ಅಂಥವಳು ನಾನು ಏನು ಬಿಟ್ಟುಕೊಡಲಿ? ಸುವಾದಲ್ಲಿ ಬಾಡಿಗೆ ಮನೆಯಲ್ಲಿರುವವಳ ಹತ್ತಿರ ಕಡಲೂ ಇಲ್ಲ, ಕೊಡತಿಯೂ ಇಲ್ಲ.

"ಅವಳ ಪುಸ್ತಕ ನನ್ನ ಹತ್ರ ಇದೆ," ಅಂದೆ. "ನೂರು ರಾತ್ರಿ ಅದನ್ನ ಯಾರಿಗೂ ತೆಗೆದು ಕೊಡೋದಿಲ್ಲ."

ಅತ್ತೆ ತಲೆಯೆತ್ತಿ ನೋಡಿದರು. ನಾಲ್ಕು ದಿನದಲ್ಲಿ ಮೊದಲ ಸಲ ಅವರ ಕಣ್ಣಿಂದ ನೀರು ಇಳಿಯಿತು. ಮಾಸಿಯ ಒಂದು ಅಂಚು ಹರಿದು ನನ್ನ ಕೈಗೆ ಕೊಟ್ಟರು. ಸುವಾಕ್ಕೆ ಬಂದು ನೀಲಿ ರಟ್ಟಿನ ಸುತ್ತ ಅದನ್ನು ಕಟ್ಟಿ, ನನ್ನ ಮೇಜಿನ ಮೇಲಿನ ಕಪಾಟಿನಲ್ಲಿಟ್ಟೆ. ಗೀಟು ಹಾಕಲಿಲ್ಲ.

ಜುಲೈ ಒಂದಕ್ಕೆ ನೂರನೇ ರಾತ್ರಿ. ಮಾರನೇ ದಿನ ಶನಿವಾರ, ಅರ್ಧ ದಿನದ ಕೆಲಸ. ಕಟ್ಟು ಬಿಚ್ಚಿ, ಚೀಟಿ ಅಂಟಿಸಿ, ಗೀಟು ಹಾಕಿ, ಪುಸ್ತಕವನ್ನು ಅದರ ಜಾಗದಲ್ಲಿಟ್ಟೆ. ಅದೇ ದಿನ ಊರಲ್ಲಿ ಹವಳದ ದಂಡೆ ತೆರೆದರಂತೆ. ಬಲೆ ಎಳೆಯಲು ಆಳು ಸಾಲಲಿಲ್ಲ, ಅಷ್ಟು ಮೀನು ಎಂದು ವಾಯಿಸಾಕೆ ಫೋನಿನಲ್ಲಿ ಹೇಳಿದ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಆಕ್ಲೆಂಡಿನ ಮ್ಯೂಸಿಯಮ್ಮಿನಿಂದ ಅತ್ತೆಗೆ ಒಂದು ಕಾಗದ ಬಂತು. ಬಹಳ ವಿನಯದಿಂದ ಬರೆದಿದ್ದರು: ಇನ್ನು ಮೇಲೆ ನಿಮ್ಮ ಅಂಟನ್ನು ಕೊಳ್ಳಲು ಆಗುವುದಿಲ್ಲ, ಹೊರದೇಶದ ಒಂದು ಕಂಪನಿ ಇಂಥದೇ ಅಂಟಿಗೆ ಪೇಟೆಂಟ್ ಕೇಳಿದೆ, ಸಿಗುವುದರಲ್ಲಿದೆ, ನಮಗೆ ನೋಟಿಸು ಕೊಟ್ಟಿದ್ದಾರೆ. ತಿಂಗಳೊಳಗೆ ಉಳಿದ ಕಡೆಯಿಂದಲೂ ಅಂಥದೇ ಕಾಗದಗಳು ಬಂದವು.

ನಾನೇ ಊರಿಗೆ ಹೋಗಿ ಓದಿ ಹೇಳಿದೆ. ಅತ್ತೆ ಒಲೆಯ ಮುಂದೆ ಕೂತು ಮರಗೆಣಸು ಸಿಪ್ಪೆ ತೆಗೆಯುತ್ತಿದ್ದರು.

"ಪೇಟೆಂಟ್ ಅಂದ್ರೆ ಏನೇ?"

"ಇದನ್ನ ಮೊದಲು ಮಾಡಿದ್ದು ನಾವು, ನಾವು ಬಿಟ್ಟು ಬೇರೆ ಯಾರೂ ಮಾಡಿ ಮಾರಬಾರದು ಅಂತ ಸರಕಾರದಿಂದ ಬರೆಸ್ಕೊಳ್ಳೋದು ಅತ್ತೆ."

"ಅಂದ್ರೆ ನಮ್ಮ ಅಂಟಿಗೆ ಕಟ್ಟು ಹಾಕಿದ್ದಾರೆ."

"ಹ್ಞೂಂ. ಹಾಗೇ."

"ಎಷ್ಟು ರಾತ್ರಿ?"

"ಇಪ್ಪತ್ತು ವರ್ಷ."

ಅತ್ತೆ ಚಾಕು ಕೆಳಗಿಟ್ಟರು. "ಇಪ್ಪತ್ತು ವರ್ಷಾನಾ? ಯಾರು ಸತ್ತರಂತೆ ಅವರ ಮನೇಲಿ?"

ವಿನಿ ಇದ್ದಾಗ ಒಬ್ಬಳು ಬಿಳಿಯ ಹುಡುಗಿ ಬಂದು ಮೂರು ವಾರ ಅಲ್ಲೇ ಉಳಿದಿದ್ದಳು, ಮಾಸಿ ಬಡಿಯಲು ಕಲಿತಿದ್ದಳು. ಅವಳೇ ಹೇಳಿರಬಹುದು ಎಂದು ಪಕ್ಕದ ಮನೆಯವರು ಅಂದರು. "ಇರಲಿಕ್ಕಿಲ್ಲ ಬಿಡ್ರೇ," ಅಂದರು ಅತ್ತೆ. "ಒಳ್ಳೇ ಹುಡುಗಿ. ಒಲೆ ಊದೋಕೇ ಬರ್ತಿರಲಿಲ್ಲ ಅದಕ್ಕೆ." ಯಾರಾದರೂ ಹೇಳಿದರೋ, ಇಲ್ಲ ಅವರೇ ಕಂಡುಕೊಂಡರೋ, ಇವತ್ತಿಗೂ ನಮಗೆ ತಿಳಿಯದು.

ಸುವಾದಲ್ಲಿ ಶಲೇಶ್ನಿ ಎಂಬ ವಕೀಲೆ ಇದ್ದಾಳೆ. ನಮ್ಮ ಲೈಬ್ರರಿಯಲ್ಲೇ ಓದಿ ಪರೀಕ್ಷೆ ಕಟ್ಟಿದವಳು. ಇಂಥ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾಳೆ. ಅವಳು ಕಾಗದವನ್ನೆಲ್ಲ ಓದಿ, ನನ್ನ ಎದುರಿನ ಕುರ್ಚಿಯಲ್ಲಿ ಕೂತು ಹೇಳಿದಳು.

"ನೋಡಿ ಲೋಸಾಲಿನಿ ಅಕ್ಕ, ಅಜ್ಜಿ ಕಾಲದಿಂದ ಮಾಡ್ತಿದ್ವಿ ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ಬಾಟಲಿ ತೋರಿಸಿದ್ರೂ ಸಾಲದು. ಬಾಟಲಿ ನೋಡಿದ್ರೆ ಅಂಟು ಕಾಣುತ್ತೆ, ಹೇಗೆ ಮಾಡಿದ್ರು ಅನ್ನೋದು ಕಾಣಲ್ಲ. ಹೇಗೆ ಅನ್ನೋದು ಬರಹದಲ್ಲಿ ಇರಬೇಕು, ಅವರು ಅರ್ಜಿ ಹಾಕೋಕೆ ಮುಂಚೆ ಯಾರು ಬೇಕಾದ್ರೂ ಹುಡುಕಿ ಓದೋ ಹಾಗೆ ಇರಬೇಕು. ಹಂಗಿದ್ರೆ ಅವರ ಪೇಟೆಂಟ್ ಬಿದ್ದುಹೋಗುತ್ತೆ."

"ಅವರು ಅರ್ಜಿ ಹಾಕಿದ್ದು ಯಾವಾಗ?"

"ಆ ವರ್ಷ ಜೂನ್ ಒಂಬತ್ತು."

ನಾನು ಬೆರಳಲ್ಲಿ ದಿನ ಎಣಿಸಿದೆ: ಜೂನ್ ಒಂಬತ್ತಕ್ಕೆ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಶಲೇಶ್ನಿ ಆಗಲೇ ಎದ್ದು, ಓದುಗರ ಕಂಪ್ಯೂಟರಿನಲ್ಲಿ ವಿನಿಯ ಹೆಸರು ಹೊಡೆಯುತ್ತಿದ್ದಳು. ಪರದೆಯ ಮೇಲೆ ಪ್ರಬಂಧದ ಹೆಸರು ಬಂತು. ಕೆಳಗೆ ಸಣ್ಣಕ್ಷರದಲ್ಲಿ: ಸೇರಿಸಿದ ದಿನ, ಮಾರ್ಚ್ 14.

"ಅಕ್ಕ!" ಎಂದು ಅವಳು ಕೂಗಿದ್ದಕ್ಕೆ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. "ಮೂರು ತಿಂಗಳು ಮುಂಚೆ! ಗೆದ್ವಿ ಅಕ್ಕ! ಮಾರ್ಚ್ ಹದಿನಾಲ್ಕರಿಂದ ಓದುಗರಿಗೆ ಸಿಗ್ತಿತ್ತು ಅಂತ ನೀವೊಂದು ಅಫಿಡವಿಟ್ ಬರೆದುಕೊಡಿ, ಸಾಕು. ಕ್ಯಾಟಲಾಗ್ ನಿಮ್ಮದೇ ಕೈ ಅಲ್ವಾ?"

"ಹೌದು," ಅಂದೆ.

ಅವಳು ಅಲ್ಲಿಂದಲೇ ವಾಯಿಸಾಕೆಗೆ ಫೋನ್ ಮಾಡಿದಳು. ಸಂಜೆ ಅತ್ತೆ ಸಿಗ್ನಲ್ ಸಿಗುವ ಗುಡ್ಡ ಹತ್ತಿ ನನಗೆ ಫೋನ್ ಮಾಡಿದರು. ಹಿಂದೆ ಹೆಂಗಸರು ಹಾಡುವುದು ಕೇಳುತ್ತಿತ್ತು. "ಸತ್ತ ಮೇಲೂ ಕೆಲಸ ಮಾಡ್ತಿದ್ದಾಳೆ ನನ್ನ ಮಗಳು," ಅಂದರು ಅತ್ತೆ, ಏದುಸಿರಿನಲ್ಲೇ. "ಏನೇ, ಮಾತಾಡೇ." ನೂರು ರಾತ್ರಿಯ ಮಾತು ಅವರಿಗೆ ಮರೆತಿತ್ತೋ, ಗೀಟಿನ ವಿಷಯ ತಿಳಿಯದೋ. ಪುಸ್ತಕವನ್ನು ಕೈಗೆತ್ತಿ ಕೊಡದೆ ಇರುವುದು ಬೇರೆ, ಅದು ಇದೆಯೆಂದೇ ಯಾರಿಗೂ ಕಾಣದ ಹಾಗೆ ಮಾಡುವುದು ಬೇರೆ. ನಾನು ಎರಡನ್ನೂ ಮಾಡಿದ್ದೆ.

ಅಫಿಡವಿಟ್ಟಿಗೆ ಹನ್ನೆರಡು ದಿನ ಇತ್ತು. ಎರಡು ದಿನ ನಾನು ಇಸಿಮೇಲಿಯ ಕೋಣೆಯ ಬಾಗಿಲವರೆಗೂ ಹೋಗಿ ವಾಪಸು ಬಂದೆ. ಮೂರನೇ ದಿನ ಒಳಗೆ ಹೋದೆ. ಲೈಬ್ರರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನು, ನಿವೃತ್ತಿಗೆ ಮೂರು ವರ್ಷ ಇದ್ದವನು. ಅವನ ಊರಿಗೂ ನಮ್ಮ ಊರಿಗೂ ಒಂದೇ ಮೂಲದ ದೈವ. ಹಾಗಾಗಿ ಸಿಕ್ಕಿದಲ್ಲೆಲ್ಲ ಬೈದಾಡುವುದು ನಮ್ಮ ಹಕ್ಕು.

"ಬಾರೇ ಹಂದಿಕಳ್ಳಿ. ಏನು ಕದಿಯೋಕೆ ಬಂದೆ?"

"ನಿನ್ನ ಹತ್ರ ಏನಿದೆಯೋ ಕದಿಯೋಕೆ, ಹಾವು ತಿನ್ನೋನೆ."

ಎಂದಿನ ಜೋರು ನನ್ನ ದನಿಯಲ್ಲಿರಲಿಲ್ಲ. ಅವನು ಕನ್ನಡಕ ತೆಗೆದ. ನಾನು ಎಲ್ಲ ಹೇಳಿದೆ. ಅವನು ಯಂತ್ರದ ಒಳಗಿನ ದಾಖಲೆ ತೆಗೆದು ತೋರಿಸಿದ. ಹೊರಗಿನವರಿಗೆ ಕಾಣದ ಒಂದು ಸಾಲು ಅಲ್ಲಿತ್ತು. ಕಾಣುವಂತೆ ಮಾಡಿದ್ದು: ಜುಲೈ 2, ಬೆಳಿಗ್ಗೆ 9.07. ಮಾಡಿದವರು: ನನ್ನ ಹೆಸರು.

"ಇಪ್ಪತ್ತಮೂರು ದಿನ ತಡ," ಅಂದ ಇಸಿಮೇಲಿ.

"ಹ್ಞೂಂ."

"ಇದು ಹಳೇ ಡಬ್ಬದಲ್ಲಿ ಮಾತ್ರ ಇರೋದು ಲೋಸಾ. ಹೊಸ ಯಂತ್ರಕ್ಕೆ ಹೋಗ್ಲಿಲ್ಲ. ಡಬ್ಬ ಹೇಗೂ ತುಕ್ಕು ಹಿಡೀತಿದೆ. ಒಂದು ದಿನ ಏಳೋದೇ ಇಲ್ಲ ಅಂತ ಕೂತ್ರೆ ಯಾರು ಕೇಳ್ತಾರೆ?"

"ನೀನು ನಿಜವಾಗ್ಲೂ ಹೇಳ್ತಿದ್ದೀಯೋ, ತಮಾಷೆಗೋ?"

"ನೀನು ಯಾವುದನ್ನ ಕೇಳಿಸ್ಕೊಂಡೆಯೋ ಅದನ್ನೇ ಹೇಳ್ತಿದ್ದೀನಿ." ಅವನು ಮತ್ತೆ ಕನ್ನಡಕ ಹಾಕಿಕೊಂಡ. "ಆ ಕಂಪನಿಯವರೇನು ನಾಲ್ಕನೇ ರಾತ್ರಿ ನಿಮ್ಮನೇಲಿ ಕೂತಿದ್ರಾ?"

ಅವರು ಕೂತಿರಲಿಲ್ಲ. ಕೂತವರೆಲ್ಲ ನನ್ನವರೇ. ಅದೇ ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದು. ಸುಳ್ಳು ಹೇಳಿದರೆ ಲಾಭ ನನ್ನವರಿಗೆ. ಆದರೆ ಅದು ಸುಳ್ಳೆಂದು ಗೊತ್ತಿರುವವರೂ ಅವರೇ.

ಶುಕ್ರವಾರ ರಜೆ ಹಾಕಿದೆ. ಮಾರ್ಕೆಟ್ಟಿನಲ್ಲಿ ಯಂಗೋನದ, ಅಂದರೆ ಕುಟ್ಟಿ ನೀರಲ್ಲಿ ಕದಡಿ ಕುಡಿಯುವ ಬೇರಿನ, ಒಳ್ಳೆಯ ಕಟ್ಟು ಕೊಂಡು ಬಸ್ಸು ಹತ್ತಿದೆ. ತಪ್ಪೊಪ್ಪಿಕೊಳ್ಳಲು ಬರಿಗೈಯಲ್ಲಿ ಹೋಗುವ ಹಾಗಿಲ್ಲ. ವಾಯಿಸಾಕೆ 'ಅಂಟು' ದೋಣಿಯನ್ನೇ ತಂದಿದ್ದ. ಬೇರಿನ ಕಟ್ಟು ನೋಡಿ, "ಏನತ್ತಿಗೆ, ಗೆದ್ದದ್ದಕ್ಕಾ?" ಅಂದ. ನಾನು ಕಡಲು ನೋಡುತ್ತ ಕೂತೆ.

ಅತ್ತೆಯ ಮನೆಯಲ್ಲಿ ಹೆಂಗಸರೆಲ್ಲ ಕೂತಿದ್ದರು. ನಾನು ಬಾಗಿಲ ಪಕ್ಕದಲ್ಲೇ, ಚಾಪೆಯ ಕೊನೆಯಲ್ಲಿ ಕೂತು, ಬೇರಿನ ಕಟ್ಟನ್ನು ಮುಂದೆ ಸರಿಸಿದೆ. ವಸು ಯಾವತ್ತೂ ಅಲ್ಲಿ ಕೂರುವವಳಲ್ಲ. ಎಲ್ಲರಿಗೂ ಅರ್ಥವಾಯಿತು.

ತಲೆ ತಗ್ಗಿಸಿಕೊಂಡೇ ಹೇಳಿದೆ. ಗೀಟು, ಚೌಕ, ನೂರು ರಾತ್ರಿ, ಇಪ್ಪತ್ತಮೂರು ದಿನ. ಮುಗಿದ ಮೇಲೆ ಅತ್ತೆಯ ಓರಗಿತ್ತಿ ಮೊದಲು ಮಾತಾಡಿದರು.

"ಒಂದು ಗೀಟು. ಒಂದು ಗೀಟು ಹಾಕೋಕೆ ಕೈ ಬರಲಿಲ್ವ ನಿಂಗೆ? ಓದಿದೋಳು, ಪಟ್ಟಣದಲ್ಲಿರೋಳು!"

ಇನ್ನೊಬ್ಬಳು, "ಈಗೇನಾಯ್ತು, ಹಾಕಿದ್ದೆ ಅಂತ ಬರೆದುಬಿಡು. ಪರದೆ ಮೇಲೂ ಹಂಗೇ ಇದೆ ಅಂತೀಯ. ನಾವೇನು ಹೇಳೋಕೆ ಹೋಗ್ತೀವಾ?" ಅಂದಳು. ನಾಲ್ಕೈದು ಜನ ಹೌದು ಹೌದು ಅಂದರು.

ಅತ್ತೆ ಬೇರಿನ ಕಟ್ಟನ್ನು ಇನ್ನೂ ಮುಟ್ಟಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು.

"ಕಾಗದದಲ್ಲಿ ಏನಂತ ಬರೀಬೇಕು?"

"ಮಾರ್ಚ್ ಹದಿನಾಲ್ಕರಿಂದ ಪುಸ್ತಕ ಎಲ್ಲರಿಗೂ ತೆರೆದಿತ್ತು ಅಂತ."

"ದೇವರ ಮೇಲೆ ಆಣೆ ಇಟ್ಟು?"

"ಆಣೆ ಇಟ್ಟು."

"ಹಂಗಾದ್ರೆ ಆ ನೂರು ರಾತ್ರಿ ನೀನು ಏನೂ ಬಿಟ್ಟಿರಲಿಲ್ಲ ಅಂತಾಗುತ್ತೆ."

ಅತ್ತೆ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ಕೈ ತೋರಿಸಿದರು.

"ಇವನು ಕೂದಲು ಬಿಟ್ಟ. ಊರಿನೋರು ಮೀನು ಬಿಟ್ರು. ನಾನು ಕೊಡತಿ ಬಿಟ್ಟೆ. ನೂರು ದಿನ ಈ ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ತೊಡೆ ಕೆಳಗೆ ಇಟ್ಕೊಂಡು ಕೂತಿದ್ದೆ." ಅತ್ತೆ ತಮ್ಮ ಕೈಗಳನ್ನು ನೋಡಿಕೊಂಡರು. "ನೀನು ಬಿಟ್ಟಿದ್ದು ಸುಳ್ಳು ಅಂತ ಬರೆದ್ರೆ ನನ್ನ ಮಗಳ ನೂರು ರಾತ್ರೀಲಿ ಒಂದು ಕೊರತೆ ಆಗುತ್ತೆ. ನಂಗೆ ಅದು ಬೇಡ."

"ಆದ್ರೆ ಅಂಟು, ಅತ್ತೆ..."

"ಅಂಟು ಹೋಯ್ತು. ನಂಗೊತ್ತು. ಅದಕ್ಕೆ ಅಳಬೇಡಿ ಅಂತ ನಾನು ಹೇಳ್ಲಿಲ್ಲ."

ಆಗ ಅವರು ಬೇರಿನ ಕಟ್ಟನ್ನು ಮುಟ್ಟಿದರು. ಮುಟ್ಟಿದರೆ ಕ್ಷಮಿಸಿದ ಹಾಗೆ. ಓರಗಿತ್ತಿ ಎದ್ದು ಹೊರಗೆ ಹೋದರು. ಆಮೇಲೆ ಎರಡು ವರ್ಷ ಅವರು ನನ್ನ ಜೊತೆ ಮಾತಾಡಲಿಲ್ಲ.

ಮಾರನೇ ದಿನ ನಾನು ಹೊರಟಾಗ ದೋಣಿಗೆ ಯಾರೋ ಎರಡು ಚಾಪೆ, ಒಂದು ಹೆಡಿಗೆ ಕೆಸುವಿನ ಗೆಡ್ಡೆ ತಂದಿಟ್ಟರು. ವಸುವನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅತ್ತೆ ತೀರದಲ್ಲಿ ನಿಂತಿದ್ದರು.

"ಬೇರೆ ಊರಿನ ವಸುಗಳು ಹಂದಿ ಹೊಡ್ಕೊಂಡು ಹೋಗ್ತಾರೆ," ಅಂದರು. "ನಮ್ಮೋಳು ನೋಡು, ಎಷ್ಟು ಸಂಭಾವಿತಳು. ಬರೀ ನೂರು ರಾತ್ರಿ ತಗೊಂಡು ಹೋದ್ಲು."

ಅದು ಬೈಗುಳವೋ, ತಮಾಷೆಯೋ. ಅವರು ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ದೋಣಿ ಹವಳದ ದಂಡೆ ದಾಟುವವರೆಗೂ ಅಲ್ಲೇ ನಿಂತಿದ್ದರು.

ಅಫಿಡವಿಟ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಓದಿ ಶಲೇಶ್ನಿ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಳು. "ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ ಅಕ್ಕ," ಅಂದಳು. ಆಮೇಲೆ, "ನಮ್ಮಮ್ಮ ತೀರಿಕೊಂಡಾಗ ಹದಿಮೂರು ದಿನ ನಾನೂ ಕೋರ್ಟಿಗೆ ಹೋಗಿರಲಿಲ್ಲ. ಒಂದು ಕೇಸು ಹೋಯ್ತು," ಅಂದು ಮೂಗು ಒರೆಸಿಕೊಂಡಳು. ಪುಸ್ತಕ ನನ್ನ ಕಪಾಟಿನಲ್ಲಾದರೂ ಇತ್ತಲ್ಲ, ಯಾರಾದರೂ ಬಂದು ಕೇಳಿದ್ದರೆ ಸಿಗುತ್ತಿತ್ತಲ್ಲ ಎಂದು ವಾದ ಕಟ್ಟಿ ನೋಡಿದಳು. "ಕೇಳಿದ್ರೆ ಕೊಡ್ತಿದ್ರಾ?" ಎಂದು ನನ್ನನ್ನೇ ಕೇಳಿದಳು. "ಇಲ್ಲ," ಅಂದೆ. ಆದರೂ ತಕರಾರು ಅರ್ಜಿ ಕಳಿಸಿದಳು.

ಒಂಬತ್ತು ತಿಂಗಳ ಮೇಲೆ ಉತ್ತರ ಬಂತು. ನಮ್ಮ ನೂರು ರಾತ್ರಿಗೆ ಅದರಲ್ಲಿ ಸಿಕ್ಕಿದ್ದು ಒಂದೇ ಸಾಲು: ಸದರಿ ಪ್ರಬಂಧವು ಅರ್ಜಿಯ ದಿನಾಂಕಕ್ಕೆ ಮುಂಚೆ ಸಾರ್ವಜನಿಕರಿಗೆ ಲಭ್ಯವಿತ್ತೆಂದು ಗ್ರಂಥಪಾಲಕಿಯೇ ಹೇಳುವುದಿಲ್ಲ. ಅಷ್ಟೇ. ಪೇಟೆಂಟ್ ಅವರದಾಯಿತು.

ನಮ್ಮ ದೇಶದಲ್ಲಿ, ನಿಮ್ಮ ಮನೆಯಲ್ಲಿ, ನಿಮ್ಮ ಮಾಸಿಗೆ ಹಚ್ಚಿಕೊಳ್ಳುವುದನ್ನು ಯಾರೂ ತಡೆಯಲಾರರು, ಆ ದೇಶಗಳಿಗೆ ಕಳಿಸಿ ಮಾರುವ ಹಾಗಿಲ್ಲ ಎಂದು ಶಲೇಶ್ನಿ ಊರಿನವರಿಗೆ ತಿಳಿಸಿ ಹೇಳಿದಳು. ದೋಣಿಯ ಎಂಜಿನ್ ಒಂದು ಮಳೆಗಾಲದಲ್ಲಿ ಕೆಟ್ಟಿತು, ಮತ್ತೆ ರಿಪೇರಿ ಆಗಲಿಲ್ಲ. ವಾಯಿಸಾಕೆ ಅದನ್ನು ಬುಡಮೇಲು ಮಾಡಿ ತೆಂಗಿನ ಮರಗಳ ಕೆಳಗೆ ಇಟ್ಟಿದ್ದಾನೆ. 'ಅಂಟು' ಎಂಬ ಅಕ್ಷರ ಈಗ ತಲೆಕೆಳಗು.

ಅತ್ತೆ ಸುವಾಕ್ಕೆ ಬಂದದ್ದು ಹೋದ ತಿಂಗಳು, ಕಣ್ಣಿನ ಪೊರೆ ತೆಗೆಸಲು. ಆಸ್ಪತ್ರೆಯಿಂದ ಬಿಟ್ಟ ದಿನ, "ಅವಳ ಪುಸ್ತಕ ತೋರಿಸು," ಅಂದರು. ಲೈಬ್ರರಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿಸಿ ನನ್ನ ಕೋಣೆಗೆ ಕರೆತಂದೆ. ಇಸಿಮೇಲಿ ಓಡಿ ಬಂದು ಕುರ್ಚಿ ಹಾಕಿದ. "ಇವರಮ್ಮಂಗೆ ಹುಟ್ಟಿದ್ದರಲ್ಲಿ ಹಂದಿ ಕದಿಯದೇ ಇರೋಳು ಇವಳೊಬ್ಬಳೇ ಅಮ್ಮಾ, ಕೆಟ್ಟು ಹೋಯ್ತು ನಿಮ್ಮ ವಂಶ," ಅಂದ. ಅತ್ತೆ, "ನಿಮ್ಮೂರಲ್ಲಿ ಕದಿಯೋಕೆ ಹಂದಿ ಎಲ್ಲಿದ್ವೋ, ಹಾವು ಬಿಟ್ರೆ," ಅಂದರು. ಅವನಿಗೆ ಬಹಳ ಖುಷಿಯಾಯಿತು.

ಪ್ರಬಂಧವನ್ನು ತಂದು ಅವರ ಮಡಿಲಲ್ಲಿಟ್ಟೆ. ವಕೀಲರು, ನಕಲು ತೆಗೆದವರು, ಆಮೇಲೆ ಓದಲು ಬಂದವರು ತೆರೆದೂ ತೆರೆದೂ ಅದರ ಬೆನ್ನು ಬಿಟ್ಟುಹೋಗಿತ್ತು. ನೀಲಿ ರಟ್ಟು ಒಂದು ಕಡೆ ಜೋತಾಡುತ್ತಿತ್ತು. ಅತ್ತೆಗೆ ಇಂಗ್ಲಿಷ್ ಬಾರದು. ಪುಟ ತಿರುಗಿಸಲಿಲ್ಲ. ಕನ್ನಡಕದ ಹಿಂದೆ ಕೆಂಪಗಾದ ಕಣ್ಣಿನಿಂದ ಬೆನ್ನನ್ನೇ ನೋಡಿದರು, ಹರಿದ ಮಾಸಿಯನ್ನು ನೋಡುವ ಹಾಗೆ.

"ಇದನ್ಯಾಕೆ ಹಿಂಗೇ ಬಿಟ್ಟಿದ್ದೀಯ?"

ಮೇಜಿನ ಖಾನೆಯಿಂದ ಒಂದು ಟ್ಯೂಬು ತೆಗೆದು ತೋರಿಸಿದೆ. ಆ ಕಂಪನಿಯ ಅಂಟು, ಆಫೀಸಿನವರು ಈಗ ತರಿಸುವುದು ಇದನ್ನೇ. ಒಂದು ಪೆಟ್ಟಿಗೆ ಬಂದಿದೆ, ಪುಸ್ತಕಕ್ಕೆಲ್ಲ ಇದನ್ನೇ ಹಚ್ಚುತ್ತೇವೆ. ಈ ಒಂದಕ್ಕೆ ಹಚ್ಚಲು ನನಗೆ ಮನಸ್ಸು ಬಂದಿರಲಿಲ್ಲ. ಅತ್ತೆ ಮುಚ್ಚಳ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಬೆರಳಿಗೆ ಒಂದು ಚೂರು ಹಾಕಿಕೊಂಡು ಉಜ್ಜಿದರು.

"ನಮ್ಮದೇ," ಅಂದರು. ಮತ್ತೊಮ್ಮೆ ಮೂಸಿದರು. "ಹೊಗೆ ವಾಸನೆ ಇಲ್ಲ. ಗ್ಯಾಸಿನ ಒಲೆ ಮೇಲೆ ಕಾಸಿದ್ದಾರೆ."

ಟ್ಯೂಬನ್ನು ಮೇಜಿನ ಮೇಲಿಟ್ಟು ತಮ್ಮ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಜಾಮಿನ ಬಾಟಲಿ.

"ಇದನ್ನ ಇಲ್ಲಿ ಹಚ್ಚಿದ್ರೆ ಪೋಲೀಸ್ ಬರ್ತಾರೇನೇ?"

"ಬರಲ್ಲ ಅತ್ತೆ."

"ಬಂದ್ರೂ ಬರಲಿ. ಒಂದು ಕಣ್ಣು ಇನ್ನೂ ಕಾಣ್ತಿಲ್ಲ, ಗೊತ್ತಾಗ್ಲಿಲ್ಲ ಅಂತೀನಿ."

ಬ್ರಷ್ ಕೊಟ್ಟರೆ ಬೇಡವೆಂದರು. ಬೆರಳಿನಿಂದಲೇ, ಬೆನ್ನಿನ ಉದ್ದಕ್ಕೂ, ತೆಳ್ಳಗೆ ಹಚ್ಚಿದರು. ರಟ್ಟನ್ನು ಕೂರಿಸಿ ಅಂಗೈಯಿಂದ ಒತ್ತಿ ಹಿಡಿದರು. ಕೋಣೆಯಲ್ಲಿ ವುನಿಮಾಸಿಯ ಒಲೆಯ ಹೊಗೆ ವಾಸನೆ ಬಂತು. ಇಸಿಮೇಲಿ ಸದ್ದಿಲ್ಲದೆ ಹೊರಗೆ ಹೋದ. ಅತ್ತೆ ಎಷ್ಟು ಹೊತ್ತು ಹಾಗೆ ಹಿಡಿದಿದ್ದರೋ, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಡಾಕ್ಟರು ಹಾಕಿದ ಔಷಧಿಯೂ ಇರಬಹುದು. ನಾನು ಒರೆಸಲು ಹೋಗಲಿಲ್ಲ. ಕಣ್ಣು ಮುಟ್ಟಬಾರದು ಎಂದು ಹೇಳಿದ್ದರು.

ಆಮೇಲೆ ನಾನು ಖಾನೆಯ ತಳದಲ್ಲಿದ್ದ ಮಾಸಿಯ ಅಂಚನ್ನು ತೆಗೆದು, ಅಂಟು ಬಿಡದ ಹಾಗೆ ಪುಸ್ತಕದ ಸುತ್ತ ಬಿಗಿದು ಕಟ್ಟಿದೆ. ಅತ್ತೆ ಆ ಪಟ್ಟಿಯನ್ನು ಗುರುತು ಹಿಡಿದರು.

"ಒಣಗೋಕೆ ಎಷ್ಟು ಹೊತ್ತು ಬೇಕು ಅತ್ತೆ?"

"ಒಂದು ರಾತ್ರಿ ಸಾಕು," ಅಂದರು. ಮೇಜು ಹಿಡಿದು ಎದ್ದು, ಬಾಗಿಲ ಹತ್ತಿರ ಹೋಗಿ ನಿಂತರು. "ಒಂದೇ ರಾತ್ರಿ ಲೋಸಾ. ಜಾಸ್ತಿ ಕಟ್ಟಿಡಬೇಡ."

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಪಟ್ಟಿ ಬಿಚ್ಚಿದೆ. ಬೆನ್ನು ಗಟ್ಟಿಯಾಗಿ ಕೂತಿತ್ತು. ಪುಸ್ತಕವನ್ನು ಒಯ್ದು ಅದರ ಜಾಗದಲ್ಲಿಟ್ಟು ಬಂದೆ.